ಅಟ್ಟದ ಕ್ಯಾಸೆಟ್, ಬೆಸೆದ ಡಿಸ್ಕ್

ದಂಡಿಗನಹಳ್ಳಿ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ. ಈಚಿನವು 1981, 1993, 2006, 2018ರಲ್ಲಿ ನಡೆದವು. ಈ ನಾಲ್ಕು ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕಂಡ ದೃಶ್ಯವನ್ನು ನಮ್ಮ ಮನೆಗಳು ಎಲ್ಲೆಲ್ಲಿ ಕೂಡಿಡುತ್ತ ಬಂದವೆಂಬ ಚರಿತ್ರೆಯೂ ಕಾಣುತ್ತದೆ.

1981ರಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಉಳಿಯುತ್ತಿದ್ದುದು ಹೆಚ್ಚೆಂದರೆ ಒಂದೆರಡು ಫೋಟೊ. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು 1976ರಲ್ಲೇ ತಂದಿದ್ದರೂ ಅದು ನಮ್ಮಲ್ಲಿಗೆ ನಿಧಾನವಾಗಿ ಬಂತು. 1993ರ ಹೊತ್ತಿಗೆ ಮದುವೆ ಮನೆಗಳಲ್ಲಿ ವಿಡಿಯೊದವರು ಓಡಾಡುತ್ತಿದ್ದರು. ಒಂದು ಕ್ಯಾಸೆಟ್ಟಿಗೆ ಮೂರು ಗಂಟೆ. ಅದು ತುಂಬಿದರೆ ಹೊಸದು ಕೊಳ್ಳಬೇಕು, ಇಲ್ಲವೇ ಹಳೆಯದರ ಮೇಲೆಯೇ ತುಂಬಬೇಕು. ಯಾರೂ ಅಳಿಸಬಾರದೆಂದರೆ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿಯುತ್ತಿದ್ದರು. ಅಲ್ಲಿಗೆ ಸೆಲೋ ಟೇಪ್ ಅಂಟಿಸಿ ಮತ್ತೆ ರೆಕಾರ್ಡ್ ಮಾಡುವ ಜಾಣರೂ ಇದ್ದರು. ಎಷ್ಟು ನಾಮಕರಣಗಳು ಕ್ರಿಕೆಟ್ ಪಂದ್ಯದ ಅಡಿಯಲ್ಲಿ ಮುಚ್ಚಿಹೋದವೋ!

ಡಿಸ್ಕ್ ಮನೆಯ ವಸ್ತುವಾಗಿದ್ದು ತಡವಾಗಿ. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರಕ್ಕೆ ಐವತ್ತು ತಟ್ಟೆಗಳಿದ್ದವು, ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ ಮಾತ್ರ. ಟಿ.ವಿ. ಕಾರ್ಯಕ್ರಮಗಳನ್ನು ಡಿಸ್ಕಿಗೆ ತುಂಬುವ ಟಿವೊ ಪೆಟ್ಟಿಗೆ ಅಮೆರಿಕದಲ್ಲಿ 1999ರಲ್ಲಿ ಮಾರಾಟಕ್ಕೆ ಬಂತು. ಅದರ ಸಣ್ಣ ಮಾದರಿಗೆ ಹದಿನಾಲ್ಕು ಗಂಟೆ. ಸಾಲದವರು ತಿರುಪು ಬಿಚ್ಚಿ ಎರಡನೆಯ ಡಿಸ್ಕ್ ಕೂರಿಸಿದರು. 2002ರಲ್ಲಿ ಐಸಾಕ್ ರಿಚರ್ಡ್ಸ್ ಆರಂಭಿಸಿದ ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶ ಬಂದಮೇಲೆ ಮನೆಯ ಕಂಪ್ಯೂಟರೇ ರೆಕಾರ್ಡರ್ ಆಯಿತು.

ಜಾಗ ಹಿಗ್ಗಿಸಲು ಲಿನಕ್ಸಿನಲ್ಲಿ ಎಲ್‌ವಿಎಂ ಎಂಬ ಉಪಾಯ 1998ರಿಂದಲೇ ಇತ್ತು. ಅಣ್ಣತಮ್ಮಂದಿರ ಪಾಲಿನ ನಡುವಿನ ಬದು ತೆಗೆದು ಒಂದೇ ಹೊಲ ಮಾಡಿದ ಹಾಗೆ, ಎಷ್ಟು ಡಿಸ್ಕ್ ಸೇರಿಸಿದರೂ ಒಂದೇ ಎಂದು ಕಾಣಿಸುತ್ತದೆ. ತೊಡಕಿರುವುದೂ ಅಲ್ಲೇ. ಬರಿದೇ ಬೆಸೆದ ಡಿಸ್ಕುಗಳಲ್ಲಿ ಒಂದು ಕೆಟ್ಟರೂ ಉಳಿದವುಗಳಲ್ಲಿ ಇರುವುದು ಕೈಗೆ ಸಿಗದೆ ಹೋಗಬಹುದು. ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುವಂಥ ರೇಯ್ಡ್ ಜೋಡಣೆಯನ್ನು ಬರ್ಕ್ಲಿಯ ಮೂವರು 1988ರಲ್ಲೇ ವಿವರಿಸಿದ್ದರು. ಆದರೆ ಅದಕ್ಕೆ ಹೆಚ್ಚುವರಿ ಡಿಸ್ಕ್ ಬೇಕು, ಮನೆಯವರು ದುಡ್ಡು ಉಳಿಸುವುದು ಅಲ್ಲೇ. ಮಿಥ್‌ಟಿವಿ ಮುಂದೆ ಬೇರೊಂದು ದಾರಿ ಹಿಡಿಯಿತು. ಡಿಸ್ಕುಗಳನ್ನು ಬೆಸೆಯದೆ, ಜಾಗವಿದ್ದ ಕಡೆ ಒಂದೊಂದು ಕಾರ್ಯಕ್ರಮವನ್ನು ಇಡುವುದು. ಒಂದು ಹೋದರೆ ಅದರೊಳಗಿನದಷ್ಟೇ ಹೋಗುತ್ತದೆ. ನನಗೆ ಇದೇ ಹೆಚ್ಚು ವಿವೇಕದ್ದೆನಿಸುತ್ತದೆ.

ಹಾಗೆನ್ನುವುದಕ್ಕೆ ಕಾರಣವಿದೆ. 2006ರ ಅಭಿಷೇಕವನ್ನು ನಾವು ಡಿವಿ ಟೇಪಿನಲ್ಲಿ ಹಿಡಿದೆವು. ಒಂದು ಗಂಟೆಯದನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. 4.7 ಜಿಬಿಯ ಡಿವಿಡಿಗೆ ಕುಗ್ಗಿಸದೆ ಹಾಕಲಾಗದೆಂದು ಎರಡು ಡಿಸ್ಕ್ ಬೆಸೆದು, 1993ರ ಕ್ಯಾಸೆಟ್ಟಿನ ಪ್ರತಿಯನ್ನೂ ಅದರಲ್ಲೇ ಇಟ್ಟೆ. ಆ ಕ್ಯಾಸೆಟ್ಟಿನಲ್ಲಿ ಅಜ್ಜಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾಳೆ. ಒಂದು ದಿನ ಡಿಸ್ಕ್ ಟಕ್ ಟಕ್ ಎಂದಿತು, ಎರಡೂ ಹೋದವು. 2006ರ ಟೇಪನ್ನು ಅಷ್ಟರಲ್ಲಿ ಅಳಿಸಿ ಬಳಸಿಯಾಗಿತ್ತು.

2018ರಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. 1993ರ ಕ್ಯಾಸೆಟ್ ಮಾತ್ರ ಈಗಲೂ ಅಟ್ಟದ ಟ್ರಂಕಿನಲ್ಲಿದೆ, ಅಂಚಿನ ಚೂರು ಮುರಿದದ್ದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. ಓಡುವ ಹಳೆಯದೊಂದನ್ನು ಹುಡುಕುತ್ತಿದ್ದೇನೆ.