ಪಲ್ಯ

ಅನ್ನ, ಮುದ್ದೆ, ರೊಟ್ಟಿ, ಚಪಾತಿಗಳ ಜೊತೆ ತಿನ್ನಲೆಂದು ತರಕಾರಿ, ಸೊಪ್ಪು ಅಥವಾ ಕಾಳುಗಳಿಂದ ನೀರು ಕಡಿಮೆ ಇರುವಂತೆ ಮಾಡುವ ಅಡುಗೆ. ಕರ್ನಾಟಕದ ಎಲ್ಲ ಸೀಮೆಗಳಲ್ಲೂ ನಿತ್ಯ ಒಲೆ ಏರುತ್ತದೆ. ಹಳೇ ಮೈಸೂರಿನ ಕಡೆ ಒಗ್ಗರಣೆಯಲ್ಲಿ ಬಾಡಿಸಿ ತೆಂಗಿನ ತುರಿ ಉದುರಿಸಿದ್ದು ಪಲ್ಯ. ಧಾರವಾಡ, ವಿಜಯಪುರ, ಕಲಬುರಗಿಯ ಸಂತೆಗಳಲ್ಲಿ ಕಟ್ಟು ಕಟ್ಟಿ ಮಾರುವ ಹಸಿ ಮೆಂತೆ, ರಾಜಗಿರಿ, ಪುಂಡಿಗೂ ಪಲ್ಯವೆಂದೇ ಹೆಸರು. ಮದುವೆಮನೆಯ ಊಟದಲ್ಲಿ ಒಂದು ಚಮಚ ಬಡಿಸಿ ಮುಂದೆ ಹೋಗುವ ಪದಾರ್ಥ ಇದಾದರೂ, ಆರೋಗ್ಯದ ದೃಷ್ಟಿಯಿಂದ ಎಲೆಯ ಮೇಲೆ ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿಲ್ಲ. ಅನುಭವಿ ಕೈಗಳು ರುಚಿಗೆಂದು ಪಾಲಿಸಿಕೊಂಡು ಬಂದ ಕ್ರಮಗಳಲ್ಲಿ ಬಹುಪಾಲು ತರಕಾರಿಯ ಸತ್ವವನ್ನೂ ಕಾಯುತ್ತವೆ. ರುಚಿ ಬೇಕೋ ಆರೋಗ್ಯ ಬೇಕೋ ಎಂಬ ಪ್ರಶ್ನೆ ಪಲ್ಯದ ಮಟ್ಟಿಗೆ ಹುಟ್ಟುವುದೇ ಇಲ್ಲ.

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯ ಸಿಕ್ಕಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನಂತೂ ಅಡುಗೆಗೆಂದೇ ‘ಸೂಪಶಾಸ್ತ್ರ’ ಎಂಬ ಕೃತಿ ರಚಿಸಿದ. ಅದರಲ್ಲಿರುವುದೆಲ್ಲ ಸಸ್ಯಾಹಾರ, ಬದನೆ, ಹಲಸು, ಬಾಳೆ, ಕಳಲೆಗಳ ಅಡುಗೆ ಅಲ್ಲಿ ವಿಸ್ತಾರವಾಗಿ ಬಂದಿದೆ. ಆ ಕಾಲದ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಇರಲಿಲ್ಲ. ಅವು ಅಮೆರಿಕ ಖಂಡದ ಬೆಳೆಗಳು, ಯುರೋಪಿನ ವ್ಯಾಪಾರಿಗಳ ಹಡಗುಗಳಲ್ಲಿ ಆಮೇಲೆ ಬಂದವು. ಖಾರಕ್ಕೆ ಕಾಳುಮೆಣಸು, ಶುಂಠಿಗಳೇ ಆಸರೆ. ಎಲೆಕೋಸು, ಕ್ಯಾರೆಟ್, ನವಿಲುಕೋಸು, ಹುರುಳಿಕಾಯಿಗಳು ಇನ್ನೂ ಈಚಿನವು. ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ಸುತ್ತ ಬೇರೂರಿದ ಇವನ್ನು ಹಿರಿಯರು ‘ಇಂಗ್ಲಿಷ್ ತರಕಾರಿ’ ಎನ್ನುತ್ತಿದ್ದರು. ಸೀಮೆಬದನೆಗೆ ತಮಿಳರು ಬೆಂಗಳೂರಿನ ಹೆಸರನ್ನೇ ಸೇರಿಸಿ ಕರೆಯುತ್ತಾರೆ. ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಅನೇಕ ಮನೆಗಳು ಈ ಹೊಸ ತರಕಾರಿಗಳನ್ನು ಒಳಗೆ ಬಿಡುವುದಿಲ್ಲ. ಬಾಳೆಕಾಯಿ, ಹಾಗಲ, ಪಡುವಲ, ಗೋರಿಕಾಯಿ, ಸುವರ್ಣಗೆಡ್ಡೆಗಳಿಗಷ್ಟೇ ಅಲ್ಲಿ ಮನ್ನಣೆ.

ದಿನಕ್ಕೆ ಎಷ್ಟು ತರಕಾರಿ ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, 2000 ಕಿಲೊಕ್ಯಾಲೊರಿಯ ಆಹಾರದಲ್ಲಿ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು, ತರಕಾರಿ ಎರಡೂ ಕೂಡಿ ಕನಿಷ್ಠ 400 ಗ್ರಾಂ ಎನ್ನುತ್ತದೆ, ಆಲೂಗಡ್ಡೆಯನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೋಷಣಾ ಸಂಸ್ಥೆಯ ಅಳತೆಯಲ್ಲಿ ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚು ತರಕಾರಿ ಬೇಕು. ಕಾಲು ಕೆಜಿ ಹುರುಳಿಕಾಯಿಯನ್ನು ಎರಡು ಹೊತ್ತಿಗೆ ಹಂಚುವ ಮನೆ ಇದರ ಹತ್ತಿರಕ್ಕೂ ಬರುವುದಿಲ್ಲ, ಸಾರಿನಲ್ಲಿ ತೇಲುವ ನಾಲ್ಕು ಹೋಳುಗಳಿಂದ ಕೊರತೆ ತುಂಬುವುದೂ ಇಲ್ಲ. ಪಲ್ಯವನ್ನು ಹೆಚ್ಚು ಮಾಡಬೇಕು. ಮಾಡಿದ್ದು ಖರ್ಚಾಗಬೇಕಾದರೆ ಅದು ರುಚಿಯಾಗಿರಬೇಕು.

ಹುರುಳಿಕಾಯಿ ಪಲ್ಯವನ್ನೇ ತೆಗೆದುಕೊಳ್ಳಬಹುದು. ಮೊದಲು ತೊಳೆದು, ನಾರು ಬಿಡಿಸಿ, ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಸಿ ಜೀವಸತ್ವವೂ ಬಿ ಗುಂಪಿನ ಜೀವಸತ್ವಗಳೂ ಕೊಯ್ದ ಬಾಯಿಯಿಂದ ಜಾರಿಹೋಗುತ್ತವೆ. ಹೋಳುಗಳೆಲ್ಲ ಒಂದೇ ಗಾತ್ರ ಇರಲಿ. ಇಲ್ಲದಿದ್ದರೆ ದಪ್ಪನೆಯವು ಬೇಯುವ ಹೊತ್ತಿಗೆ ಸಣ್ಣವು ಕರಗಿರುತ್ತವೆ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಬೇಕು. ಸಾಸಿವೆ ಚಟಪಟ ಸಿಡಿದು ನಿಂತ ಮೇಲೆ ಕಡಲೆಬೇಳೆ, ಅದು ಬಣ್ಣ ತಿರುಗುವಾಗ ಉದ್ದಿನಬೇಳೆ, ಕೊನೆಗೆ ಒಣಮೆಣಸಿನಕಾಯಿ, ಇಂಗು, ಕರಿಬೇವು. ಕಡಲೆಬೇಳೆ ಕೆಂಪಾಗಲು ಹೆಚ್ಚು ಹೊತ್ತು ಬೇಕಾದ್ದರಿಂದ ಅದು ಮೊದಲು. ಸಾಸಿವೆ ಸಿಡಿಯದೆ ಉಳಿದರೆ ಪಲ್ಯವೆಲ್ಲ ಕಹಿ. ಅವಸರದ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲೇ.

ಹೋಳು, ಚಿಟಿಕೆ ಅರಿಶಿನ ಹಾಕಿ ಒಂದೆರಡು ನಿಮಿಷ ಕೈಯಾಡಿಸಿ, ನೀರು ಚಿಮುಕಿಸಿ ಮುಚ್ಚಬೇಕು. ಹಳ್ಳಿಯ ಮನೆಗಳಲ್ಲಿ ಬಾಣಲೆಯ ಮೇಲೆ ಅಂಚಿರುವ ತಟ್ಟೆ ಮುಚ್ಚಿ ತಟ್ಟೆಯೊಳಗೇ ಒಂದು ಲೋಟ ನೀರು ಸುರಿಯುವ ಪದ್ಧತಿ ಇದೆ. ಮೇಲಿನ ತಣ್ಣೀರಿಗೆ ತಟ್ಟೆಯ ತಳ ತಂಪಾಗಿ, ಒಳಗಿನ ಹಬೆ ಅಲ್ಲೇ ಹನಿಗಟ್ಟಿ ಮತ್ತೆ ಪಲ್ಯದ ಮೇಲೆ ಬೀಳುತ್ತದೆ. ಘಮ ಹೊರಗೆ ಹೋಗದು, ತಳ ಹಿಡಿಯದು, ಬಸಿಯಲು ನೀರೇ ಉಳಿಯದು. ನೀರು ಸಾಲದಿದ್ದರೆ ತಟ್ಟೆಯಲ್ಲಿ ಬಿಸಿಯಾಗಿರುವುದನ್ನೇ ಸ್ವಲ್ಪ ಒಳಗೆ ಬಗ್ಗಿಸಿದರಾಯಿತು. ಇದಕ್ಕಿಂತ ಒಳ್ಳೆಯ ಉಪಾಯ ಯಾವ ದುಬಾರಿ ಪಾತ್ರೆಯಲ್ಲೂ ಇಲ್ಲ. ಬೆರಳಿಗೆ ಮೆತ್ತಗೆ ಸಿಕ್ಕಿ, ಹಲ್ಲಿಗೆ ಕೊಂಚ ಗಟ್ಟಿ ಎನಿಸುವ ಹದದಲ್ಲಿ ಒಲೆ ಆರಿಸಬೇಕು. ತೆಂಗಿನ ತುರಿ ಆಗ. ನಿಂಬೆರಸ ಬೇಕೆನಿಸಿದರೆ ಪಲ್ಯ ಇಳಿಸಿ ಬಿಸಿ ತಗ್ಗಿದ ಮೇಲೆ. ನಿಂಬೆಯ ಸಿ ಜೀವಸತ್ವ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ, ಕುದಿಯುವ ಬಾಣಲೆಗೆ ಹಿಂಡಿದರೆ ಅದು ಕಾವಿಗೆ ಒಂದಷ್ಟು ನಾಶವಾಗುತ್ತದೆ, ಹುಳಿಗೆ ಹಸಿರು ಹೋಳುಗಳ ಬಣ್ಣವೂ ಮಂಕಾಗುತ್ತದೆ. ಬಣ್ಣ ಉಳಿಸಲೆಂದು ಕೆಲವರು ಅಡುಗೆ ಸೋಡಾ ಹಾಕುತ್ತಾರೆ. ಅದು ಬೇಡವೇ ಬೇಡ. ಸೋಡಾ ಹಸಿರನ್ನು ಉಳಿಸಿ, ಥಯಾಮಿನ್ ಮತ್ತು ಸಿ ಜೀವಸತ್ವವನ್ನು ಹಾಳುಮಾಡುತ್ತದೆ, ಹೋಳುಗಳನ್ನೂ ಲೊಳಲೊಳ ಮಾಡಿಬಿಡುತ್ತದೆ.

ಒಗ್ಗರಣೆಯ ಎಣ್ಣೆಯನ್ನೂ ತೆಂಗಿನ ತುರಿಯನ್ನೂ ಪೂರ್ತಿ ಬಿಟ್ಟುಬಿಡುವುದು ಆರೋಗ್ಯ ಎಂಬ ನಂಬಿಕೆ ಈಚೆಗೆ ಹೆಚ್ಚಿದೆ. ಆದರೆ ಕ್ಯಾರೆಟ್, ಸಿಹಿಗುಂಬಳ, ಕಡುಹಸಿರು ಸೊಪ್ಪುಗಳಲ್ಲಿರುವ ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುವ ವಸ್ತು. ಸ್ವಲ್ಪವಾದರೂ ಎಣ್ಣೆ ಇಲ್ಲದಿದ್ದರೆ ದೇಹಕ್ಕೆ ಅದು ಸರಿಯಾಗಿ ದಕ್ಕುವುದಿಲ್ಲ. ಬೇಕಾದದ್ದು ಮಿತಿ. ಉಪ್ಪಿಗೂ ಅದೇ ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು. ಸೊಪ್ಪು, ಹೀರೆಕಾಯಿಗಳಿಗೆ ಬಾಡಿದ ಮೇಲೆಯೇ ಉಪ್ಪು ಹಾಕಬೇಕು. ಬಾಣಲೆ ತುಂಬ ಕಂಡ ಸೊಪ್ಪು ಐದು ನಿಮಿಷದಲ್ಲಿ ಒಂದು ಹಿಡಿಯಾಗುತ್ತದೆ, ಮೊದಲ ನೋಟಕ್ಕೆ ಹಾಕಿದ ಉಪ್ಪು ಆಗ ಬಾಯಿಗಿಡಲಾರದಷ್ಟಾಗಿರುತ್ತದೆ.

ಹೆಚ್ಚು ನೀರಿಟ್ಟು ಬೇಯಿಸಿದಾಗ ಆ ನೀರನ್ನು ಏನು ಮಾಡಬೇಕು ಎಂಬುದಕ್ಕೆ ಮಂಡ್ಯ, ಹಾಸನ, ತುಮಕೂರು, ಕೋಲಾರದ ಅಡುಗೆಮನೆಗಳು ಕೊಟ್ಟ ಉತ್ತರ ಬಸ್ಸಾರು. ದಂಟಿನ ಸೊಪ್ಪನ್ನೋ ಹುರುಳಿಕಾಯಿಯನ್ನೋ ಹೆಸರುಕಾಳು, ಅಲಸಂದೆ, ತೊಗರಿಬೇಳೆಗಳಲ್ಲಿ ಒಂದರ ಜೊತೆ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಹಾಕಿದರೆ ಸಾರು. ಪಾತ್ರೆಯಲ್ಲಿ ಉಳಿದದ್ದಕ್ಕೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ತೆಂಗಿನ ತುರಿ ಹಾಕಿದರೆ ಪಲ್ಯ. ನೀರಿಗಿಳಿದ ಜೀವಸತ್ವ, ಖನಿಜಗಳು ಸಾರಿನ ಮೂಲಕ ತಟ್ಟೆಗೇ ಮರಳುತ್ತವೆ. ರಾಗಿಮುದ್ದೆ, ಬಸ್ಸಾರು, ಪಲ್ಯ ಇರುವ ಊಟದಲ್ಲಿ ಧಾನ್ಯ, ಕಾಳು, ಸೊಪ್ಪು ಮೂರೂ ಇವೆ. ಕರ್ನಾಟಕದ ಅತ್ಯಂತ ಜಾಣ ಅಡುಗೆ ಯಾವುದೆಂದು ಆರಿಸಬೇಕಾಗಿ ಬಂದರೆ ಬಸ್ಸಾರಿನ ಹೆಸರು ಮೊದಲು ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆಗಳನ್ನು ಕೂಡಿಸಿದ ಬೆರಕೆಸೊಪ್ಪು ಇದಕ್ಕೆ ಇನ್ನೂ ಚೆಂದ. ಅವನ್ನು ಗುರುತಿಸಬಲ್ಲ ಕಣ್ಣುಗಳು ಹಳ್ಳಿಗಳಲ್ಲೂ ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ.

ಉತ್ತರ ಕರ್ನಾಟಕದ ಪಲ್ಯದಲ್ಲಿ ಹಸಿ ತೆಂಗಿನ ತುರಿಯ ಜಾಗಕ್ಕೆ ಎಣ್ಣೆಕಾಳುಗಳು ಬರುತ್ತವೆ. ಎಣ್ಣೆಗಾಯಿಗೆ ಎಳೆಯ ಬದನೆಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿಗೆ ಹುಣಸೆ, ಬೆಲ್ಲ, ಖಾರ ಕಲಸಿ ತುಂಬುತ್ತಾರೆ. ಹೊಟ್ಟೆಯೊಳಗಿನ ಕಾಳುಗಳೇ ಬೇಯುತ್ತಾ ಎಣ್ಣೆ ಬಿಡುವುದರಿಂದ ಬಾಣಲೆಗೆ ಹೆಚ್ಚು ಸುರಿಯಬೇಕಾಗಿಲ್ಲ. ಬದನೆ ಸ್ಪಂಜಿನ ಹಾಗೆ ಎಣ್ಣೆ ಕುಡಿಯುವ ಕಾಯಿ, ಎಷ್ಟು ಕೊಟ್ಟರೂ ಸಾಲದು. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಕಡಿಮೆ ಎಣ್ಣೆಯಲ್ಲೇ ಮಣಿಯುತ್ತದೆ. ಕೊಯ್ದ ಬದನೆ ಕಪ್ಪಾಗದಿರಲು ಉಪ್ಪುನೀರಿನಲ್ಲಿ ಹಾಕಿಡುವುದು ವಾಡಿಕೆ. ಪುಂಡಿಯ ಹುಳಿಸೊಪ್ಪಿಗೆ ಜೋಳದ ನುಚ್ಚು ಸೇರಿಸಿ ಬೇಯಿಸಿದ ಪುಂಡಿಪಲ್ಯ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು. ಅದರ ಪಕ್ಕದಲ್ಲಿ ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಹಕ್ಕರಕಿ ಸೊಪ್ಪು ಇರದಿದ್ದರೆ ಊಟ ಪೂರ್ತಿಯಾಗದು. ಬೀದರ್, ಕಲಬುರಗಿಯ ಕಡೆ ಎಳ್ಳಮಾವಾಸ್ಯೆಗೆ ಆ ಹಂಗಾಮಿನ ಹಸಿಕಾಳು, ಕಾಯಿ, ಸೊಪ್ಪುಗಳನ್ನೆಲ್ಲ ಕೂಡಿಸಿ ಭಜ್ಜಿ ಮಾಡಿ, ಹೊಲದಲ್ಲಿ ನೈವೇದ್ಯವಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿಯ ಜೊತೆ ಅಲ್ಲೇ ಕೂತು ಉಣ್ಣುತ್ತಾರೆ.

ಕರಾವಳಿಯ ಪಲ್ಯಕ್ಕೆ ತೆಂಗಿನೆಣ್ಣೆಯ ಒಗ್ಗರಣೆ, ಚೂರು ಬೆಲ್ಲ. ತೊಂಡೆಕಾಯಿಗೆ ಹಸಿ ಗೇರುಬೀಜ ಸೇರಿಸುವ ಕೊಂಕಣಿಗರ ಉಪ್ಕರಿ ಬೇಸಿಗೆಯ ವಿಶೇಷ. ಎಳೆ ಹಲಸು, ಅಂದರೆ ಗುಜ್ಜೆ, ಹೆಚ್ಚುವಾಗ ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಳ್ಳದಿದ್ದರೆ ಮೇಣ ಬಿಡದು. ಮಳೆಗಾಲದ ತರಕಾರಿ ಅಭಾವಕ್ಕೆಂದು ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟುಕೊಂಡು, ಬೇಕಾದಾಗ ನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಪಲ್ಯ ಮಾಡುತ್ತಾರೆ. ಉಡುಪಿ ಬಳಿಯ ಮಟ್ಟು ಗ್ರಾಮದ ಗುಂಡನೆಯ ಹಸಿರು ಬದನೆ ಮಟ್ಟುಗುಳ್ಳ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿದೆ. ಮಾಧ್ವ ಯತಿ ವಾದಿರಾಜರು ಅದರ ಬೀಜ ಕೊಟ್ಟರೆಂದು ಊರಿನವರ ನಂಬಿಕೆ. ಮಲೆನಾಡಿನಲ್ಲಿ ಬಾಳೆದಿಂಡು, ಬಾಳೆಹೂವು, ಕೆಸು, ಕಳಲೆ ಎಲ್ಲವೂ ಪಲ್ಯಕ್ಕೆ ಒದಗುತ್ತವೆ. ಒಂದೆಲಗ, ದೊಡ್ಡಪತ್ರೆಗಳಿಗೆ ತೆಂಗಿನಕಾಯಿ ಕೂಡಿಸಿ ರುಬ್ಬಿ ಮಜ್ಜಿಗೆಯಲ್ಲಿ ಕದಡಿದ ತಂಬುಳಿ ಪಲ್ಯದ ಜಾತಿಗೆ ಸೇರದಿದ್ದರೂ, ಸೊಪ್ಪನ್ನು ಊಟಕ್ಕೆ ತರುವ ಅತಿ ಸುಲಭದ ದಾರಿ ಅದೇ.

ಕಳಲೆಗೆ ಮಾತ್ರ ಅವಸರ ಸಲ್ಲದು. ಎಳೆ ಬಿದಿರಿನಲ್ಲಿ ಸೈನೈಡ್ ಬಿಡುಗಡೆ ಮಾಡುವ ವಸ್ತುಗಳಿವೆ. ಅದಕ್ಕೇ ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸುವ ಪದ್ಧತಿ ಬೆಳೆದಿದೆ. ಕೆಸುವಿನ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ಆದ್ದರಿಂದ ಹುಣಸೆಹುಳಿ ಹಾಕಿ ಪೂರ್ತಿ ಬೇಯಿಸಲೇಬೇಕು. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗಿಟ್ಟು ನೋಡುವ ಅಭ್ಯಾಸ ಒಳ್ಳೆಯದು. ಅಸಹಜವಾಗಿ ಕಹಿಯಿದ್ದರೆ ಉಗಿದು, ಕಾಯಿಯನ್ನು ಎಸೆದುಬಿಡಬೇಕು. ಆ ಕಹಿ ಕುಕುರ್ಬಿಟಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಹಸಿರುಗಟ್ಟಿದ ಆಲೂಗಡ್ಡೆಯೂ ಅಡುಗೆಗೆ ಬೇಡ.

ಇನ್ನು ಬೆಂಡೆಕಾಯಿಯನ್ನು ತೊಳೆದು, ಬಟ್ಟೆಯಿಂದ ಒರೆಸಿ, ನೀರು ಆರಿದ ಮೇಲೆ ಹೆಚ್ಚಿ ಮುಚ್ಚದೆ ಬಾಡಿಸಿದರೆ ಲೋಳೆ ಕಟ್ಟದು. ಎರಡು ಚಮಚ ಹುಣಸೆರಸವೋ ಹುಳಿಮೊಸರೋ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬೀಟ್‌ರೂಟನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ ಆಮೇಲೆ ಹೆಚ್ಚಿದರೆ ಬಣ್ಣ ನೀರಿಗೆ ಹೋಗುವುದು ಕಡಿಮೆ. ಎಲೆಕೋಸು ಹೆಚ್ಚು ಹೊತ್ತು ಬೆಂದಷ್ಟೂ ಗಂಧಕದ ವಾಸನೆ ಹೊಮ್ಮಿಸುತ್ತದೆ, ಮಕ್ಕಳು ಮುಖ ತಿರುಗಿಸುವುದು ಅದಕ್ಕೇ. ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಮೂಲಂಗಿಯ ಸೊಪ್ಪು ಪಲ್ಯಕ್ಕೆ ಬರುತ್ತದೆ. ಅವನ್ನು ಕಸದ ಬುಟ್ಟಿಗೆ ಹಾಕುವವರು ತಿನ್ನಬಹುದಾದದ್ದನ್ನು ದುಡ್ಡು ಕೊಟ್ಟು ತಂದು ಎಸೆಯುತ್ತಿದ್ದಾರೆ.

ಪಲ್ಯವನ್ನು ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡುವುದು ಮೇಲು. ಹಸಿ ತೆಂಗಿನ ತುರಿ ಬಿದ್ದ ಪಲ್ಯ ಬೇಸಿಗೆಯಲ್ಲಿ ಸಂಜೆಯೊಳಗೇ ಹಳಸುತ್ತದೆ. ರಾತ್ರಿಗೂ ಆಗಬೇಕೆಂದಿದ್ದರೆ ತೆಂಗಿನಕಾಯಿ ಹಾಕುವ ಮೊದಲೇ ಆ ಪಾಲನ್ನು ತೆಗೆದು, ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಊಟದ ಹೊತ್ತಿಗೆ ಒಮ್ಮೆ ಬಿಸಿಮಾಡಿ, ಆಗಷ್ಟೇ ತುರಿದ ಕಾಯಿ ಹಾಕಿಕೊಳ್ಳಿ.