ಸುಮರಣದ ಪುಸ್ತಕಗಳು

“ಡಾಕ್ಟ್ರೇ, ಅಪ್ಪನಿಗೆ ಮಾತ್ರ ವಿಷಯ ತಿಳಿಸಬೇಡಿ.” ಊರಿನಲ್ಲಿಯೂ ಈ ಪರದೇಶದಲ್ಲಿಯೂ ನಾನು ಪದೇ ಪದೇ ಕೇಳಿರುವ ವಿನಂತಿಯಿದು. ಸಾಯುತ್ತಿರುವವನಿಗೆ ಸತ್ಯವನ್ನು ಹೇಳಬೇಕೇ, ಯಾವಾಗ ಹೇಳಬೇಕು ಎಂಬ ಪ್ರಶ್ನೆಯ ಸುತ್ತ ಕ್ಯಾಥೊಲಿಕ್ ಯುರೋಪು ಹಿಂದೆ ಒಂದು ಸಾಹಿತ್ಯಪ್ರಕಾರವನ್ನೇ ಬೆಳೆಸಿತ್ತೆಂಬುದು ನನಗೆ ತಿಳಿದದ್ದು ತಡವಾಗಿ.

ಹದಿನೈದನೆಯ ಶತಮಾನದಲ್ಲಿ ‘ಆರ್ಸ್ ಮೊರಿಯೆಂಡಿ’, ಅಂದರೆ ‘ಸಾಯುವ ಕಲೆ’ ಎಂಬ ಲ್ಯಾಟಿನ್ ಕೈಪಿಡಿ ಹರಡಿತು. ಅದರ ಸಚಿತ್ರ ಆವೃತ್ತಿಯಲ್ಲಿ ಮರದಚ್ಚಿನ 11 ಚಿತ್ರಗಳಿವೆ. ಅವಿಶ್ವಾಸ, ಹತಾಶೆ, ಅಸಹನೆ, ಅಹಂಕಾರ, ಲೋಭ ಎಂಬ ಐದು ಪ್ರಲೋಭನೆಗಳನ್ನು ಪಿಶಾಚಿಗಳು ಹಾಸಿಗೆಯ ಬಳಿ ತರುತ್ತವೆ. ಪ್ರತಿಯೊಂದಕ್ಕೂ ದೇವದೂತನ ಸಾಂತ್ವನವುಂಟು. ಕೊನೆಯದು ಪ್ರಾಣೋತ್ಕ್ರಮಣದ ಚಿತ್ರ. ಲೋಭದ ಚಿತ್ರದಲ್ಲಿ ಹಣದ ಪೆಟ್ಟಿಗೆಯಿಲ್ಲ, ಮನೆ, ಕುದುರೆ, ನೆಲಮಾಳಿಗೆಯ ಮದ್ಯದ ಪೀಪಾಯಿಗಳಿವೆ. ಹಾಸಿಗೆಯ ಬಳಿ ಬಂಧುಗಳೂ ಇದ್ದಾರೆ! ಗುಣವಾಗುವಿರೆಂಬ ಹುಸಿ ಭರವಸೆಯನ್ನು ರೋಗಿಗೆ ಕೊಡಬಾರದೆಂದೂ ಈ ಪರಂಪರೆಯ ಪುಸ್ತಕಗಳು ಎಚ್ಚರಿಸುತ್ತವೆ.

1620ರಲ್ಲಿ ಯೇಸುಸಭೆಯ ಕಾರ್ಡಿನಲ್ ರಾಬರ್ಟ್ ಬೆಲ್ಲಾರ್ಮಿನ್ ಇದೇ ವಿಷಯದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದರು. 1616ರಲ್ಲಿ ಗೆಲಿಲಿಯೋಗೆ ಎಚ್ಚರಿಕೆ ನೀಡಿದವರೂ ಇವರೇ. ಆಗ ಅವರು ಎಂಬತ್ತರ ಸಮೀಪದಲ್ಲಿದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹಳೆಯ ಕೈಪಿಡಿಯ ದೃಷ್ಟಿ ಕೊನೆಯ ಗಳಿಗೆಯ ಮೇಲಿದ್ದರೆ, ಬೆಲ್ಲಾರ್ಮಿನ್ನರದು ಇಡೀ ಬಾಳಿನ ಮೇಲೆ: ಚೆನ್ನಾಗಿ ಬದುಕಿದವನೇ ಚೆನ್ನಾಗಿ ಸಾಯಬಲ್ಲ. ಆದ್ದರಿಂದ ಗ್ರಂಥದ ಮೊದಲ ಭಾಗವು ಆರೋಗ್ಯವಂತರಿಗಾಗಿ ಬರೆದದ್ದು. ಸಾವು ಹತ್ತಿರವಾದವರ ಭಾಗದಲ್ಲಿ ಪಾಪನಿವೇದನೆ, ತೈಲಲೇಪನಗಳ ಜೊತೆಗೆ ಉಯಿಲು ಬರೆಯುವ ವಿಚಾರವೂ ಬರುತ್ತದೆ.

ಇದರಲ್ಲಿ ವೈದ್ಯನ ಪಾತ್ರವೇನು? 1215ರ ಲ್ಯಾಟರನ್ ಮಹಾಸಭೆಯು, ಚಿಕಿತ್ಸೆಗೆ ಮುನ್ನವೇ ಪಾದ್ರಿಯನ್ನು ಕರೆಸುವಂತೆ ರೋಗಿಗೆ ಸೂಚಿಸಬೇಕೆಂದು ವೈದ್ಯರಿಗೆ ವಿಧಿಸಿತ್ತು. ಪೋಪ್ ಐದನೆಯ ಪಿಯುಸ್ 1566ರಲ್ಲಿ ಇದನ್ನು ಬಿಗಿಗೊಳಿಸಿ, ಪಾಪನಿವೇದನೆ ಮಾಡದ ರೋಗಿಯನ್ನು ಮೂರನೆಯ ದಿನದ ನಂತರ ನೋಡಲೇಕೂಡದೆಂದರು. ಚಿಕಿತ್ಸೆಯನ್ನು ಹೀಗೆ ಒತ್ತೆಯಿಡುವುದನ್ನು ನಾನು ಒಪ್ಪಲಾರೆ. ಆದರೆ 1215ರ ವಿಧಿ ಕೊಡುವ ಒಂದು ಕಾರಣ ನನ್ನನ್ನು ತಡೆದು ನಿಲ್ಲಿಸಿತು: ಕಾಯಿಲೆ ಉಲ್ಬಣಿಸಿದ ಮೇಲೆ ಈ ಮಾತೆತ್ತಿದರೆ ರೋಗಿಯು ಹತಾಶನಾಗಿ ಇನ್ನಷ್ಟು ಅಪಾಯಕ್ಕೊಳಗಾಗುತ್ತಾನೆ, ಮೊದಲೇ, ಎಲ್ಲರಿಗೂ ಹೇಳುವುದು ವಾಡಿಕೆಯಾದರೆ ಯಾರೂ ಬೆಚ್ಚುವುದಿಲ್ಲ. ಮುಂದಿನ ಆರೈಕೆಯ ಮಾತುಕತೆಯನ್ನು ಬೇಗನೆ ಆರಂಭಿಸಿ ಎಂದು ಇಂದು ನಮಗೆ ತರಬೇತಿ ಕೊಡುವವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಪುಸ್ತಕಗಳಷ್ಟೇ ಅಲ್ಲ, ಜನರೂ ಇದ್ದರು. ವಾಸಿಯಾಗದ ಕಾಲಿನ ಹುಣ್ಣಿನಿಂದ ನರಳಿದ ಮಾಜಿ ಸೈನಿಕ ಕಮಿಲಸ್ ದೆ ಲೆಲ್ಲಿಸ್ ರೋಮಿನಲ್ಲಿ ಕಟ್ಟಿದ ಸೇವಾಸಂಘಕ್ಕೆ 1586ರಲ್ಲಿ ಮನ್ನಣೆ ದೊರೆಯಿತು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ, ಆಸ್ಪತ್ರೆ ಮನೆಗಳಲ್ಲಿ ಸಾಯುವವರ ಬಳಿ ಕೂರುತ್ತಿದ್ದ ಅವರನ್ನು ಜನರು ‘ಸುಮರಣದ ಪಾದ್ರಿಗಳು’ ಎಂದೇ ಕರೆದರು.

ಆ ಮಗನ ವಿನಂತಿಗೆ ಮರಳುವೆ. ಅವರಿಲ್ಲದ ಒಂದು ಸಂಜೆ ಹಿರಿಯರ ಬಳಿ ಕುಳಿತು, ತಮ್ಮ ಕಾಯಿಲೆಯ ಬಗ್ಗೆ ಏನು ತಿಳಿಯಬಯಸುತ್ತೀರಿ ಎಂದಷ್ಟೇ ಕೇಳಿದೆ. ಅವರು ನಕ್ಕರು. “ನನಗೆ ಗೊತ್ತಿದೆಯಪ್ಪಾ. ಊರಿನ ಮನೆಯ ವಿಚಾರ ಹೇಳಬೇಕಿತ್ತು, ಮಗ ಮಾತೆತ್ತಲು ಬಿಡುತ್ತಿಲ್ಲ.”