ಮೊಳೆಯಿಲ್ಲದ ಮೂಲೆ: ಡವ್‌ಟೇಲ್ ಜೋಡಣೆ ಹೇಳುವ ಇತಿಹಾಸ

ಹಳೆಯ ಮರದ ಪೆಟ್ಟಿಗೆಯ ಬೆಲೆ ಕಟ್ಟುವಾಗ ಎಲ್ಲರೂ ಮುಂಭಾಗದ ಕೆತ್ತನೆ ನೋಡುತ್ತಾರೆ, ಹಿತ್ತಾಳೆಯ ಹಿಡಿ ನೋಡುತ್ತಾರೆ. ಆದರೆ ಅದನ್ನು ಮಾಡಿದವನ ಗುರುತು ಇರುವುದು ಮೂಲೆಯಲ್ಲಿ. ಎರಡು ಹಲಗೆ ಸೇರುವ ಕಡೆ ಒಂದರ ತುದಿಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ಆಕಾರ, ಇನ್ನೊಂದರಲ್ಲಿ ಆ ಬಾಲಗಳ ನಡುವೆ ಕೂರುವ ಹಲ್ಲುಗಳು. ಇವೆರಡನ್ನೂ ಕೂಡಿಸಿ ಕೊಡತಿಯಿಂದ ತಟ್ಟಿದರೆ ಮೊಳೆಯೇ ಇಲ್ಲದೆ ಮೂಲೆ ನಿಲ್ಲುತ್ತದೆ. ನಮ್ಮ ಬಡಗಿಗಳೂ ಇದನ್ನು ಡವ್‌ಟೇಲ್ ಎಂದೇ ಕರೆಯುತ್ತಾರೆ. ಇಂಗ್ಲಿಷರಿಗೆ ಅದರಲ್ಲಿ ಪಾರಿವಾಳದ ಬಾಲ ಕಂಡಿತು. ಫ್ರೆಂಚರು, ಜರ್ಮನ್ನರು, ಚೀನಿಯರು ಅದನ್ನು ಅವರವರ ಭಾಷೆಯಲ್ಲಿ ಕವಲುತೋಕೆ ಹಕ್ಕಿಯ ಬಾಲ ಎಂದರು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲಿ ಸಿಕ್ಕ ಮರದ ಸಾಮಾನುಗಳಲ್ಲಿ ಈ ಜೋಡಣೆ ಇದೆ. ಅಲ್ಲಿನ ದೇವಾಲಯ ಕಟ್ಟಿದವರು ಪಕ್ಕಪಕ್ಕದ ಎರಡು ಕಲ್ಲುಗಳನ್ನು ಹಿಡಿದಿಡಲು ಇದೇ ಆಕಾರದ ಮರದ ತುಂಡನ್ನು ನಡುವೆ ಇಳಿಸುತ್ತಿದ್ದರು. ಆದರೆ ದೊಡ್ಡ ಬೀರು, ಡ್ರಾಯರ್ ಪೆಟ್ಟಿಗೆಗಳ ಬೆನ್ನೆಲುಬಾಗಿ ಡವ್‌ಟೇಲ್ ಬೆಳೆದ ಕಥೆ ಚೆನ್ನಾಗಿ ದಾಖಲಾಗಿರುವುದು 17ನೇ ಶತಮಾನದಿಂದ ಈಚೆಗೆ, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ. ಅಲ್ಲಿಗೇ ಹೋಗಿ ನೋಡೋಣ.

ಮೊದಲು ಮರದ ಸ್ವಭಾವ ತಿಳಿಯಬೇಕು. ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಬಿಗಿಯುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮರ ಉಬ್ಬುವುದು, ಕುಗ್ಗುವುದು ಅಗಲದಲ್ಲಿ; ನಾರು ಹರಿಯುವ ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಹಿಂದೆ ಇಂಗ್ಲೆಂಡಿನ ಸಾಧಾರಣ ಮನೆಗಳಲ್ಲಿ ಆರು ಹಲಗೆಯ ಪೆಟ್ಟಿಗೆ ಇರುತ್ತಿತ್ತು. ಅದರ ಮುಂದಿನ, ಹಿಂದಿನ ಹಲಗೆಗಳ ನಾರು ಅಡ್ಡ. ಪಕ್ಕದ ಹಲಗೆಗಳೇ ಕೆಳಗಿಳಿದು ಕಾಲಾಗುತ್ತಿದ್ದುದರಿಂದ ಅವುಗಳ ನಾರು ಉದ್ದ. ಎರಡನ್ನೂ ಸೇರಿಸಿ ಮೊಳೆ ಹೊಡೆದರೆ ಒಂದು ಕುಗ್ಗಬೇಕೆನ್ನುತ್ತದೆ, ಇನ್ನೊಂದು ಬಿಡುವುದಿಲ್ಲ. ಕೊನೆಗೆ ಮುಂದಿನ ಹಲಗೆ ಸೀಳುತ್ತದೆ. ಅಂಥ ಹಳೆಯ ಪೆಟ್ಟಿಗೆಗಳಲ್ಲಿ ಬಿರುಕು ಸಾಮಾನ್ಯ.

ಡವ್‌ಟೇಲ್ ಪೆಟ್ಟಿಗೆಯಲ್ಲಿ ನಾಲ್ಕೂ ಗೋಡೆಗಳ ನಾರು ಒಂದೇ ದಿಕ್ಕಿನಲ್ಲಿ ಸುತ್ತು ಬರುತ್ತದೆ. ಉಬ್ಬಿದರೆ ಎಲ್ಲವೂ ಒಟ್ಟಿಗೆ, ಕುಗ್ಗಿದರೆ ಎಲ್ಲವೂ ಒಟ್ಟಿಗೆ. ಮೂಲೆಯಲ್ಲಿ ಜಗಳವಿಲ್ಲ. ಡ್ರಾಯರಿಗೆ ಇನ್ನೊಂದು ಲಾಭವೂ ಇದೆ. ಬಾಲಗಳನ್ನು ಪಕ್ಕದ ಹಲಗೆಯಲ್ಲಿ ಕತ್ತರಿಸುವುದರಿಂದ ದಿನಕ್ಕೆ ಹತ್ತು ಸಲ ಮುಂದಕ್ಕೆ ಎಳೆದರೂ ಮುಂಭಾಗ ಕಳಚಿ ಬರುವುದಿಲ್ಲ. ಎಳೆದಷ್ಟೂ ಬಿಗಿ.

ಈ ಕೆಲಸ ಯಾರ ಹಕ್ಕು ಎಂಬುದಕ್ಕೂ ಜಗಳ ನಡೆದಿದೆ. ಲಂಡನ್ನಿನಲ್ಲಿ ಮನೆಯ ತೊಲೆ, ಚಾವಣಿ ಕಟ್ಟುವ ಬಡಗಿಗಳದ್ದು ಒಂದು ಸಂಘ. ಜಾಯಿನರ್ ಎಂದು ಕರೆಸಿಕೊಳ್ಳುವ, ಪೀಠೋಪಕರಣ ಜೋಡಿಸುವವರದ್ದು ಇನ್ನೊಂದು. 1632ರಲ್ಲಿ ನಗರದ ಹಿರಿಯರ ನ್ಯಾಯಮಂಡಳಿ ಇಬ್ಬರ ನಡುವೆ ಗೆರೆ ಎಳೆಯಿತು. ಡವ್‌ಟೇಲ್ ಹಾಕಿದ, ಅಂಟಿನಿಂದ ಕೂಡಿಸಿದ ಪೆಟ್ಟಿಗೆಗಳು ಜಾಯಿನರ್‌ಗಳ ಪಾಲಾದವು. ಮೊಳೆ ಹೊಡೆದ ಒರಟು ಸಾಮಾನು ಬಡಗಿಗಳಿಗೆ ಉಳಿಯಿತು. ಒಂದು ಮೂಲೆಯನ್ನು ಹೇಗೆ ಕೂಡಿಸುತ್ತೀ ಎಂಬುದು ಯಾರು ಯಾವ ಕೆಲಸ ಮಾಡಬಹುದು ಎಂಬುದನ್ನು ತೀರ್ಮಾನಿಸಿತು.

1660ರ ನಂತರ ಇಂಗ್ಲೆಂಡಿನ ಶ್ರೀಮಂತರಿಗೆ ವಾಲ್ನಟ್ ಮರದ ತೆಳು ಹಾಳೆ ಅಂಟಿಸಿದ ನುಣುಪಾದ ಬೀರುಗಳ ಹುಚ್ಚು ಹಿಡಿಯಿತು. ಹಾಳೆ ಅಂಟಿಸಲು ಒಳಗಿನ ಪೆಟ್ಟಿಗೆ ಸಮತಟ್ಟಾಗಿರಬೇಕು. ಅದಕ್ಕೆ ಡವ್‌ಟೇಲೇ ಸರಿ. ಆದರೆ ಬಾಲದ ತುದಿಗಳು ಮುಂಭಾಗದಲ್ಲಿ ಹೊರಗೆ ಕಂಡರೆ ಹಾಳೆ ಅಲ್ಲಿ ಸರಿಯಾಗಿ ಕಚ್ಚುವುದಿಲ್ಲ. ಕಾಲಕ್ರಮದಲ್ಲಿ ಅಡಿಯ ಗುರುತು ಮೇಲೆ ಮೂಡುತ್ತದೆ. ಆಗ ಕೆಲಸಗಾರರು ಮುಂದೆ ತೆಳುವಾದ ಒಂದು ಪದರ ಮರವನ್ನು ಉಳಿಸಿ, ಅದರ ಹಿಂದೆ ಬಾಲ ಕೂರಿಸಿದರು. ಮುಂದಿನಿಂದ ಏನೂ ಕಾಣದು. ಡ್ರಾಯರ್ ಎಳೆದರಷ್ಟೇ ಪಕ್ಕದಲ್ಲಿ ಕಾಣುತ್ತದೆ. ಹೀಗೆ ಅತ್ಯಂತ ಕಷ್ಟದ ಕೆಲಸ ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಹೋಯಿತು.

ಎಷ್ಟು ಕಷ್ಟ? ದೊಡ್ಡ ಬೀರಿನ ಪಕ್ಕದ ಹಲಗೆ ಒಂದೂವರೆ, ಎರಡು ಅಡಿ ಅಗಲ. ಗುರುತುಗೆರೆ ಹಾಕಬೇಕು, ಓರೆಯಾಗಿ ಗರಗಸ ಹಿಡಿಯಬೇಕು, ನಡುವಿನ ಮರವನ್ನು ಉಳಿಯಿಂದ ತೆಗೆಯಬೇಕು, ಒಂದು ಹಲಗೆಯನ್ನು ಇನ್ನೊಂದರ ಮೇಲಿಟ್ಟು ಅದೇ ಗುರುತು ಇಳಿಸಿಕೊಳ್ಳಬೇಕು. ಓರೆ ಜಾಸ್ತಿಯಾದರೆ ಬಾಲದ ಮೂಲೆ ಮುರಿಯುತ್ತದೆ, ಕಡಿಮೆಯಾದರೆ ಹಿಡಿತವಿಲ್ಲ. ಮೆತ್ತನೆಯ ಮರಕ್ಕೆ ಆರಕ್ಕೆ ಒಂದು, ಗಟ್ಟಿ ಮರಕ್ಕೆ ಎಂಟಕ್ಕೆ ಒಂದು ಎಂಬುದು ಕೆಲಸಗಾರರ ಲೆಕ್ಕ. ಅಗಲದ ಹಲಗೆ ಸ್ವಲ್ಪ ಬಾಗಿದ್ದರೂ ಒಂದು ತುದಿ ಕೂತರೆ ಇನ್ನೊಂದು ಏಳುತ್ತದೆ. ಪದೇ ಪದೇ ಕೂಡಿಸಿ ಬಿಚ್ಚಿ ನೋಡಿದರೆ ಮರ ಜಜ್ಜಿ ಜೋಡಣೆ ಸಡಿಲವಾಗುತ್ತದೆ. ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು ಆರಿದಂತೆ ಗಟ್ಟಿಯಾಗುವುದರಿಂದ ಕೊನೆಯ ಜೋಡಣೆಗೆ ನಿಮಿಷಗಳಷ್ಟೇ ಸಮಯ. ಒಂದು ಪೆಟ್ಟಿಗೆಗೆ ಇಂಥ ನಾಲ್ಕು ಮೂಲೆ, ಮೇಲೆ ಪ್ರತಿ ಡ್ರಾಯರಿಗೂ ನಾಲ್ಕು.

ಇಷ್ಟು ಮಾಡಿದವರ ಹೆಸರು ಹೆಚ್ಚಾಗಿ ಉಳಿದಿಲ್ಲ. ಫ್ರಾನ್ಸಿನ ಆಂದ್ರೆ ಜಾಕೋಬ್ ರೂಬೊ ಸ್ವತಃ ಮರಗೆಲಸದವನಾಗಿದ್ದು, 1769ರಿಂದ ತನ್ನ ಕಸುಬಿನ ಬಗ್ಗೆ ಚಿತ್ರಸಹಿತ ದೊಡ್ಡ ಗ್ರಂಥ ಬರೆದ. ಅಂಥವರು ವಿರಳ. ಮಾಲೀಕನ ಅಂಗಡಿಯ ಹೆಸರು ಉಳಿಯುತ್ತದೆ, ಗರಗಸ ಹಿಡಿದವನದ್ದು ಉಳಿಯುವುದಿಲ್ಲ. ಮರ ಕಡಿದವರ ಕಥೆ ಇನ್ನೂ ಕಠೋರ. 1721ರಲ್ಲಿ ಬ್ರಿಟನ್ ತನ್ನ ಅಮೆರಿಕ ಖಂಡದ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಜಮೈಕಾದಿಂದ ಮಹಾಗನಿ ಹಡಗುಗಟ್ಟಲೆ ಬಂತು. ಅಲ್ಲಿ ಆ ಮರ ಉರುಳಿಸಿ ಎಳೆದವರು ಆಫ್ರಿಕಾದಿಂದ ತಂದ ಗುಲಾಮರು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಹೊಳೆಯುವ ಆ ಕಾಲದ ಬೀರುಗಳನ್ನು ನೋಡುವಾಗ ಇದನ್ನೂ ನೆನೆಯಬೇಕು.

ನಂತರ ಯಂತ್ರ ಬಂತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಾರ್ಲ್ಸ್ ನ್ಯಾಪ್ 1867ರಲ್ಲಿ ಡ್ರಾಯರ್ ಮೂಲೆ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಪಾರಿವಾಳದ ಬಾಲ ಕತ್ತರಿಸಲಿಲ್ಲ. ಅರ್ಧಚಂದ್ರಾಕಾರದ ಸಾಲು, ಪ್ರತಿಯೊಂದರ ನಡುವೆ ಒಂದು ದುಂಡು ಕಡ್ಡಿ. 1870ರ ದಶಕದಿಂದ ಕಾರ್ಖಾನೆಗಳಲ್ಲಿ ಓಡಿತು. 1900ರ ಸುಮಾರಿಗೆ ಬಾಲದ ಆಕಾರವನ್ನೇ ಕತ್ತರಿಸುವ ಯಂತ್ರಗಳು ಅದನ್ನು ಮೂಲೆಗೆ ತಳ್ಳಿದವು. ಒಬ್ಬ ನುರಿತವನು ದಿನವಿಡೀ ಮಾಡುವ ಕೆಲಸದ ಹಲವು ಪಟ್ಟನ್ನು ಯಂತ್ರ ಒಂದು ದಿನದಲ್ಲಿ ಮುಗಿಸಿತು. ಡ್ರಾಯರುಳ್ಳ ಬೀರು ಸಾಮಾನ್ಯರ ಮನೆಗೂ ಬಂತು, ಅದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಗುರುವಿನ ಬಳಿ ದುಡಿದು ಕಲಿತ ಕೈಗೆ ಬೆಲೆ ಇಳಿಯಿತು.

ವಿಚಿತ್ರವೆಂದರೆ, ಮರೆಮಾಡಿದ ಆ ಮೂಲೆಯೇ ಇಂದು ಹಳೆಯ ಸಾಮಾನಿನ ವಯಸ್ಸು ಹೇಳುವ ಸಾಕ್ಷಿ. ನೀವೂ ಓದಬಹುದು. ಡ್ರಾಯರನ್ನು ಪೂರ್ತಿ ಹೊರಗೆಳೆದು ಮೊಬೈಲಿನ ಬೆಳಕು ಬಿಡಿ. ಬಾಲಗಳು ಒಂದರಂತೆ ಒಂದಿಲ್ಲವೇ? ಅವುಗಳ ಬುಡದಲ್ಲಿ ಸಣ್ಣ ಗೀರುಗೆರೆ ಇದೆಯೇ? ಅದು ಕೆಲಸಗಾರ ಅಳತೆಗೆ ಎಳೆದ ಗೆರೆ. ನಡುವಿನ ಹಲ್ಲು ತುದಿಯಲ್ಲಿ ಗರಗಸದ ಅಲಗಿನಷ್ಟೇ ಸಪೂರವಿದೆಯೇ? ಹಾಗಿದ್ದರೆ ಬಹುಮಟ್ಟಿಗೆ ಅದು ಕೈಕೆಲಸ. ತಿರುಗುವ ಯಂತ್ರದ ಅಲಗಿಗೆ ದಪ್ಪದ ಕಾಂಡ ಇರುವುದರಿಂದ ಅಷ್ಟು ಸಪೂರ ಹಲ್ಲು ಬಿಡುವುದು ಅದಕ್ಕೆ ಕಷ್ಟ. ಬಾಲ, ಹಲ್ಲು ಎರಡೂ ಒಂದೇ ಅಗಲ, ಸಾಲು ಅಚ್ಚು ಹೊಡೆದಂತಿದ್ದರೆ ಯಂತ್ರದ್ದು. ಅರ್ಧಚಂದ್ರ ಕಂಡರೆ ನ್ಯಾಪ್ ಯಂತ್ರದ ಕಾಲದ್ದು. ನಮ್ಮ ಕಡೆ ಅದು ಸಿಗುವುದು ಅಪರೂಪ.

ನಮ್ಮ ನಾಡಿನಲ್ಲಿ ತೇಗ, ಬೀಟೆ, ಹಲಸಿನಲ್ಲಿ ಪೆಟ್ಟಿಗೆ ಮಾಡಿದ ಬಡಗಿಗಳ ಕೈಯೂ ಹೀಗೆಯೇ ಮೂಲೆಯಲ್ಲಿ ಉಳಿದಿದೆ. ಇಂದಿಗೂ ಐಟಿಐಗಳ ಮರಗೆಲಸ ತರಬೇತಿಯಲ್ಲಿ ಡವ್‌ಟೇಲ್ ಕತ್ತರಿಸುವುದು ಒಂದು ಪಾಠ. ಕಲಿತ ಹುಡುಗ ಹೊರಗೆ ಬಂದಾಗ ಕೇಳುವವರು ಕಡಿಮೆ. ಪ್ಲೈವುಡ್ಡಿಗೆ ಸ್ಕ್ರೂ ಸಾಕು.

ಆದ್ದರಿಂದ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಕೊಡುವ ಮುನ್ನ ಮೂಲೆಯ ಒಂದು ಫೋಟೊ ತೆಗೆಯಿರಿ. ಊರಿನ ಹಿರಿಯ ಬಡಗಿಗೆ ತೋರಿಸಿ, ಇದನ್ನು ಹೇಗೆ ಮಾಡಿದ್ದಾರೆ, ಯಾರ ಕೈ ಇರಬಹುದು ಎಂದು ಕೇಳಿ. ಮರಕ್ಕೆ ಇನ್ನೂ ನೂರು ವರ್ಷ ಆಯುಸ್ಸು ಇರಬಹುದು. ಹೇಳುವವರಿಗೆ ಅಷ್ಟು ಇಲ್ಲ.